ಸಂಕುಚಿತ ಬುದ್ಧಿ ಎಂಬ ಬೈಗುಳ

ಕಳೆದ ಶ್ರಾವಣದ ಎರಡನೆಯ ಸೋಮವಾರ. ಅಂದಿನ ಪುರಾಣ ಮುಗಿದು ಜನರು ಪ್ರಸಾದದ ಪಂಕ್ತಿಗೆ ಎದ್ದು ಹೋದ ಮೇಲೆ ಹಿರಿಯ ಭಕ್ತರೊಬ್ಬರು ನಮ್ಮ ಪೀಠದ ಬಳಿ ಬಂದು ಕುಳಿತರು. ಎಪ್ಪತ್ತೈದು ದಾಟಿದ ಜೀವ. ಮೂರು ತಲೆಮಾರಿನಿಂದ ಮಠಕ್ಕೆ ನಡೆದುಕೊಂಡು ಬಂದ ಮನೆತನ. ಇಷ್ಟಲಿಂಗ ಪೂಜೆಯಾಗದೆ ಒಂದು ಗುಟುಕು ನೀರು ಕುಡಿದವರಲ್ಲ. ಬಹಳ ಹೊತ್ತು ಸುಮ್ಮನಿದ್ದು, ಕಡೆಗೆ "ಅಜ್ಜಾರ, ಸಂಕುಚಿತ ಅಂದ್ರ ಏನ್ರಿ?" ಎಂದು ಕೇಳಿದರು.

ವಿಷಯ ಇಷ್ಟು. ಅವರ ಮೊಮ್ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಮದುವೆಯಾಗಬೇಕೆಂದು ಹೇಳಿದ. ಹುಡುಗಿ ಲಿಂಗಧಾರಿಗಳ ಮನೆಯವಳೇ; ಆದರೆ ಒಳಪಂಗಡ ಬೇರೆ. "ನಮ್ಮ ಪೈಕಿ ಅಲ್ಲ, ಬ್ಯಾಡ" ಎಂದರು ಅಜ್ಜ. "ಅಜ್ಜಾ, ನಿಮ್ಮದು ಸಂಕುಚಿತ ಬುದ್ಧಿ" ಎಂದು ಹೇಳಿ ಹುಡುಗ ಫೋನು ಇಟ್ಟುಬಿಟ್ಟ. "ನಾ ಬಡತನದಾಗ ಬೈಸಿಕೊಂಡೇನ್ರಿ, ಸಾಲ ಕೊಟ್ಟವರ ಕಡೆ ಬೈಸಿಕೊಂಡೇನ್ರಿ. ಆದ್ರ ಈ ಶಬ್ದ ತಿಳೀಲಿಲ್ಲ. ತಿಳೀಲಾರದ ಬೈಗುಳ ಭಾಳ ನೋಯಿಸ್ತೈತ್ರಿ" ಎಂದರು.

ಅಂದು ನಾವು ಅವರಿಗೆ ಶಬ್ದದ ಅರ್ಥವನ್ನೇನೋ ಹೇಳಿ ಕಳಿಸಿದೆವು. ಆದರೆ ಹೇಳಿದ್ದು ನಮಗೇ ಸಾಕೆನಿಸಲಿಲ್ಲ. ಇಂದಿನ ದಿನಗಳಲ್ಲಿ ಸಂಕುಚಿತ, ಮಡಿವಂತ, ಕರ್ಮಠ, ಮತಾಂಧ, ಗೊಡ್ಡು ಸಂಪ್ರದಾಯ ಎಂಬ ಮಾತುಗಳು ಭಾಷಣಗಳಲ್ಲಿ, ಪತ್ರಿಕೆಗಳಲ್ಲಿ, ಮನೆಯ ಜಗಳಗಳಲ್ಲಿ ಕಲ್ಲು ತೂರಿದಂತೆ ತೂರಿಬರುತ್ತವೆ. ತೂರುವವನಿಗೆ ಕಲ್ಲಿನ ತೂಕ ಗೊತ್ತಿಲ್ಲ, ತಾಗಿಸಿಕೊಂಡವನಿಗೂ ಗೊತ್ತಿಲ್ಲ. ಸದ್ಭಕ್ತರೊಡನೆ ಈ ವಾರ ಈ ಶಬ್ದಗಳನ್ನೇ ಸ್ವಲ್ಪ ಬಿಡಿಸಿ ನೋಡೋಣವೆಂದು ಮನಸ್ಸಾಯಿತು.

ಸಂಸ್ಕೃತದಲ್ಲಿ 'ಕುಚ್' ಎಂಬ ಧಾತುವಿಗೆ ಮುದುಡು, ಕುಗ್ಗು ಎಂಬ ಅರ್ಥವುಂಟು. ಅದರಿಂದ ಸಂಕೋಚ, ಅದರಿಂದಲೇ ಸಂಕುಚಿತ. ನಮ್ಮ ಕನ್ನಡದ ಬಳಕೆಯ ಸೊಗಸು ನೋಡಿರಿ: ಸಂಕೋಚವೆಂದರೆ ನಮಗೆ ಸದ್ಗುಣ. ಬೀಗರು ಪಂಕ್ತಿಯಲ್ಲಿ ಕುಳಿತಾಗ "ಸಂಕೋಚ ಪಟ್ಟುಕೋಬ್ಯಾಡ್ರಿ, ಇನ್ನೊಂದು ಹೋಳಿಗಿ ಹಾಕ್ಲಿ?" ಎನ್ನುತ್ತೇವೆ. ಸಂಕೋಚ ಪಡುವ ಹುಡುಗನನ್ನು ಮೆಚ್ಚುತ್ತೇವೆ. ಅದೇ ತಾಯಿಯ ಇನ್ನೊಬ್ಬ ಮಗನಾದ ಸಂಕುಚಿತನನ್ನು ಮಾತ್ರ ಬೈಯುತ್ತೇವೆ. ಎರಡರಲ್ಲಿಯೂ ಆಗಿರುವುದು ಒಂದೇ ಕ್ರಿಯೆ, ಮುದುಡುವುದು. ತನಗಾಗಿ ಕೈಚಾಚುವಾಗ ಮುದುಡಿದರೆ ಸಂಕೋಚ; ಇನ್ನೊಬ್ಬನಿಗೆ ಜಾಗ ಬಿಡಬೇಕಾದಾಗ ಮುದುಡಿದರೆ ಸಂಕುಚಿತ. ಸಂಸ್ಕೃತ ಕವಿಗಳು ಸಂಜೆಯ ತಾವರೆಯನ್ನು ಸಂಕುಚಿತವೆಂದೂ ಬೆಳಗಿನ ತಾವರೆಯನ್ನು ವಿಕಸಿತವೆಂದೂ ಕರೆಯುತ್ತಾರೆ. ಅಂದರೆ ಅದು ಹೂವಿನ ಒಂದು ಹೊತ್ತಿನ ಸ್ಥಿತಿ, ಹೂವಿನ ರೋಗವಲ್ಲ. ಇನ್ನೊಂದು ಮಾತು, ಹೊಲದ ಬದುವಿನಲ್ಲಿ ಮುಟ್ಟಿದರೆ ಮುನಿ ಗಿಡವನ್ನು ಕಂಡಿದ್ದೀರಿ. ಮುಟ್ಟಿದಷ್ಟೂ ಮುದುಡುತ್ತದೆ. ಒಬ್ಬನನ್ನು ನೀನು ಸಂಕುಚಿತನೆಂದು ನಾಲ್ಕು ಸಲ ಹೇಳಿ ನೋಡಿರಿ, ಐದನೆಯ ಸಲಕ್ಕೆ ಅವನು ಪೂರಾ ಮುಚ್ಚಿಕೊಂಡಿರುತ್ತಾನೆ.

ತೆರೆದ ಮನಸ್ಸು, ಮುಚ್ಚಿದ ಮನಸ್ಸು ಎಂಬ ಮಾತುಗಳು ನಮ್ಮ ಹಳ್ಳಿಗಳ ಮಾತುಗಳಲ್ಲ. ಓದಿದವರು ಇತ್ತೀಚೆಗೆ ತಂದವು. ಹಳ್ಳಿಯವರು ಹೇಳುತ್ತಿದ್ದುದು ಸಣ್ಣ ಮನಸ್ಸು, ದೊಡ್ಡ ಮನಸ್ಸು ಎಂದು. "ಅಷ್ಟು ಸಣ್ಣ ಮನಸ್ಸು ಮಾಡಬ್ಯಾಡ್ರಿ", "ದೊಡ್ಡ ಮನಸ್ಸು ಮಾಡಿ ಒಪ್ಪಿಕೊಳ್ಳ್ರಿ" ಎಂಬ ಮಾತು ಎಷ್ಟು ಪಂಚಾಯಿತಿಗಳಲ್ಲಿ ಜಗಳ ಬಿಡಿಸಿದೆಯೋ ಲೆಕ್ಕವಿಲ್ಲ. ಈ ಮಾತನ್ನು ಆಡುವ ಅಕ್ಷರ ಬಾರದ ಹಿರಿಯರು ಆಗಮದ ಮಾತನ್ನೇ ಆಡುತ್ತಿದ್ದಾರೆಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ. ವೀರಶೈವ ಸಿದ್ಧಾಂತದಲ್ಲಿ ಜೀವನನ್ನು ಕಟ್ಟಿರುವ ಮಲಗಳು ಮೂರು: ಆಣವ, ಮಾಯಾ, ಕಾರ್ಮಿಕ. ಮೂರರಲ್ಲಿ ಮೂಲವಾದದ್ದು ಆಣವ. 'ಅಣು' ಎಂಬುದರಿಂದ ಆಣವ. ಶಿವನ ಶಕ್ತಿಗೆ ಮಿತಿಯಿಲ್ಲ. ಅದೇ ಶಕ್ತಿ ಸಂಕೋಚಗೊಂಡು, ತಾನು ಇಷ್ಟೇ, ತನ್ನದು ಇಷ್ಟೇ, ತನಗೆ ತಿಳಿದದ್ದು ಇಷ್ಟೇ ಎಂದು ಅಣುವಾಗಿ ನಿಂತರೆ ಅವನೇ ಜೀವ. ಆದ್ದರಿಂದ ನಮ್ಮ ಶಾಸ್ತ್ರದ ಪ್ರಕಾರ ಸಂಕುಚಿತ ಬುದ್ಧಿ ಎಂಬುದು ಯಾವನೋ ಒಬ್ಬ ಹಳೆಯ ಕಾಲದ ಮುದುಕನಿಗೆ ಅಂಟಿದ ದೋಷವಲ್ಲ. ಹುಟ್ಟಿದ ಪ್ರತಿಯೊಬ್ಬನಿಗೂ ಅಂಟಿಕೊಂಡೇ ಬಂದ ಮೊದಲನೆಯ ಮಲ. ಬೈದವನಿಗೂ ಉಂಟು, ಬೈಸಿಕೊಂಡವನಿಗೂ ಉಂಟು, ಪೀಠದ ಮೇಲೆ ಕುಳಿತವನಿಗೂ ಉಂಟು. ಈ ಮಲವನ್ನು ಕಳೆಯಲಿಕ್ಕೆ ಹೇಳಿರುವುದು ವೇಧಾ ದೀಕ್ಷೆ; ಅಲ್ಲಿ ಗುರು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಡುತ್ತಾನೆ. ಬೈದು ಈ ಮಲವನ್ನು ಕಳೆಯಬಹುದೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ.

ಇನ್ನು ಮೊಂಡ, ಹಟಮಾರಿ, ಜಿದ್ದಿನವ ಎಂಬ ಮಾತುಗಳು. ಇವನ್ನು ಒಂದರ ಬದಲು ಇನ್ನೊಂದರಂತೆ ಬಳಸುತ್ತೇವೆ, ಅದು ಸರಿಯಲ್ಲ. ಮೊಂಡು ಎಂದರೆ ಹರಿತವಿಲ್ಲದ್ದು. ಮೊಂಡು ಕುಡುಗೋಲು ಬೆಳೆಯನ್ನು ಕೊಯ್ಯುವುದಿಲ್ಲ, ಜಗ್ಗುತ್ತದೆ. ಬುಡ ಸಮೇತ ಕೀಳುತ್ತದೆ. ಅದು ಕುಡುಗೋಲಿನ ದ್ವೇಷವಲ್ಲ, ಮಸೆಯದೆ ಬಿಟ್ಟವನ ಉದಾಸೀನ. ಓದು, ಸತ್ಸಂಗ, ನಾಲ್ಕು ಊರಿನ ನೀರು ಇವುಗಳಿಗೆ ತಾಗದೆ ಬುದ್ಧಿ ಮೊಂಡಾಗುತ್ತದೆ, ಮಸೆದರೆ ಮತ್ತೆ ಹರಿತವಾಗುತ್ತದೆ. ಹಟ ಹಾಗಲ್ಲ. ಅದು ತಿಳಿದೂ ಬಿಡದಿರುವುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಮೊಲ ಕಣ್ಣ ಮುಂದೆಯೇ ಇದೆ, ಎಣಿಸಲಿಕ್ಕೂ ಬರುತ್ತದೆ. ಜಿದ್ದು ಅರಬ್ಬಿಯಿಂದ ಬಂದ ಶಬ್ದ. ಅಲ್ಲಿ ಅದಕ್ಕೆ ಎದುರು, ವಿರುದ್ಧ ಎಂದು ಅರ್ಥ. ಹೆಸರಿಗೆ ತಕ್ಕಂತೆ ಜಿದ್ದಿಗೆ ಎದುರಾಳಿ ಬೇಕು. ಎದುರು ಮನೆಯವನು ಪಶ್ಚಿಮಕ್ಕೆ ಬಾಗಿಲಿಟ್ಟನೆಂದು ತಾನು ಪೂರ್ವಕ್ಕಿಡುವವನ ಮನಸ್ಸು ಮುಚ್ಚಿಲ್ಲ. ಅದು ಪೂರಾ ತೆರೆದೇ ಇದೆ, ಆದರೆ ಎದುರು ಮನೆಯ ಕಡೆಗೆ ಮಾತ್ರ. ನಮ್ಮ ಊರುಗಳ ರಾಜಕೀಯದಲ್ಲಿ, ಕೆಲವೊಮ್ಮೆ ಮಠಗಳ ನಡುವೆಯೂ ನಡೆಯುವುದು ಇದೇ. ಅದಕ್ಕೆ ಸಿದ್ಧಾಂತದ ಹೆಸರು ಕೊಡುತ್ತೇವೆ.

ಛಲ ಎಂಬುದು ಬೇರೆಯೇ ಜಾತಿಯ ಶಬ್ದ. ಸಂಸ್ಕೃತದಲ್ಲಿ ಛಲವೆಂದರೆ ಮೋಸ. ನ್ಯಾಯಶಾಸ್ತ್ರದಲ್ಲಿ ಎದುರಾಳಿಯ ಮಾತಿಗೆ ಬೇರೆ ಅರ್ಥ ಕಟ್ಟಿ ಸೋಲಿಸುವುದಕ್ಕೆ ಛಲವೆಂದು ಹೆಸರು. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಕಳಂಕ ಕಳೆದುಕೊಂಡು ವೀರಗುಣವಾಯಿತು. ಕ್ರಿ.ಶ. 941ರಲ್ಲಿ ಭಾರತವನ್ನು ಕನ್ನಡಿಸಿದ ಪಂಪ ದುರ್ಯೋಧನನಲ್ಲಿ ಕೂಡ ಛಲವನ್ನು ಮೆಚ್ಚಿದ. ಅಣ್ಣ ಬಸವಣ್ಣನವರು ಶರಣನಿಗೆ ಛಲ ಬೇಕೆಂದರು. ಆದರೆ ಯಾವುದರಲ್ಲಿ ಬೇಕೆಂದರು? ಪರರ ಧನ ಬೇಡವೆನ್ನುವುದರಲ್ಲಿ, ಪರಸತಿ ಬೇಡವೆನ್ನುವುದರಲ್ಲಿ, ತನ್ನ ಇಷ್ಟದೈವವನ್ನು ಬಿಟ್ಟು ಇನ್ನೊಂದನ್ನು ಬಯಸದಿರುವುದರಲ್ಲಿ. ಪ್ರತಿಯೊಂದೂ ತನ್ನ ಮೇಲೆ ತಾನು ಹಾಕಿಕೊಳ್ಳುವ ಕಟ್ಟು. ಇನ್ನೊಬ್ಬನನ್ನು ಹೀಗೆ ಕಟ್ಟಬೇಕೆಂಬ ಛಲವನ್ನು ಅವರು ಶರಣನಿಗೆ ಹೇಳಲಿಲ್ಲ. ಪರದೈವ ತನಗೆ ಬೇಡವೆನ್ನುವುದು ಬೇರೆ, ಪರರ ದೈವವನ್ನು ಹಳಿಯುವುದು ಬೇರೆ.

ಪೂರ್ವಗ್ರಹ ಎಂಬ ಶಬ್ದದ ವಿಷಯದಲ್ಲಿ ಒಂದು ತಮಾಷೆ ನಡೆಯಿತು. ಹಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ ಅಧಿಕಾರಿಯೊಬ್ಬರು "ಎಲ್ಲರೂ ಪೂರ್ವಗ್ರಹವನ್ನು ಬಿಡಬೇಕು" ಎಂದು ಒತ್ತಿ ಒತ್ತಿ ಹೇಳಿದರು. ಸಭೆ ಮುಗಿದ ಮೇಲೆ ಒಬ್ಬ ಹಿರಿಯರು ಬಂದು, "ಅಜ್ಜಾರ, ನವಗ್ರಹದಾಗ ಪೂರ್ವಗ್ರಹ ಯಾವುದ್ರಿ? ಶಾಂತಿ ಏನು ಮಾಡಿಸ್ಬೇಕು?" ಎಂದು ಕೇಳಿದರು. ನಾವು ನಕ್ಕೆವು, ಆಮೇಲೆ ಯೋಚಿಸಿದರೆ ಅವರು ತಪ್ಪಾಗಿ ಕೇಳಿರಲಿಲ್ಲ. ಹಿಡಿಯುವುದರಿಂದ ಗ್ರಹ. ಸೂರ್ಯನನ್ನು ಹಿಡಿದರೆ ಗ್ರಹಣ. ವಿಷಯವನ್ನು ಹಿಡಿದರೆ ಗ್ರಹಿಕೆ. ಬಿಡದೆ ಹಿಡಿದರೆ ಆಗ್ರಹ. ಕೆಟ್ಟದ್ದನ್ನು ಬಿಡದೆ ಹಿಡಿದರೆ ದುರಾಗ್ರಹ, ಸತ್ಯವನ್ನು ಹಿಡಿದರೆ ಸತ್ಯಾಗ್ರಹ. ನೋಡುವ ಮೊದಲೇ ಹಿಡಿದುಕೊಂಡದ್ದು ಪೂರ್ವಗ್ರಹ. ಎಲ್ಲವೂ ಒಂದೇ ಕೈಯ ಕೆಲಸ. ಹಿಡಿಯಬಾರದೆಂದು ಯಾರೂ ಹೇಳಲಾರರು. ಹಿಡಿಯದ ಕೈಯಲ್ಲಿ ಇಷ್ಟಲಿಂಗವೂ ನಿಲ್ಲದು. ನೋಡಿ ಹಿಡಿದೆಯೋ, ನೋಡದೆ ಹಿಡಿದೆಯೋ ಎಂಬುದಷ್ಟೇ ಪ್ರಶ್ನೆ.

ಬಾವಿಯ ಕಪ್ಪೆಯ ಕಥೆಯನ್ನು ಹೆಚ್ಚು ಹೇಳಬೇಕಾಗಿಲ್ಲ. ಕೂಪಮಂಡೂಕ ನ್ಯಾಯವೆಂದು ಸಂಸ್ಕೃತದಲ್ಲಿ ಹಳೆಯದು. 1893ರ ಸೆಪ್ಟೆಂಬರ್ 15ರಂದು ಚಿಕಾಗೋ ಸರ್ವಧರ್ಮ ಸಮ್ಮೇಲನದಲ್ಲಿ ಸ್ವಾಮಿ ವಿವೇಕಾನಂದರು ಅದನ್ನು ಹೇಳಿ ಎಲ್ಲ ಮತಗಳಿಗೂ ಅನ್ವಯಿಸಿದರು. ನಮ್ಮ ಅನುಭವದಲ್ಲಿ ಒಂದು ಮಾತು ಸೇರಿಸುತ್ತೇವೆ. ಸಮುದ್ರದ ಕಪ್ಪೆಯೂ ತನ್ನ ಸಮುದ್ರವೇ ಬಾವಿಯೆಂದು ತಿಳಿಯದೆ ಇರಬಹುದು. ಬೆಂಗಳೂರು, ಅಮೇರಿಕ ನೋಡಿ ಬಂದವರೆಲ್ಲ ವಿಶಾಲರಾಗಿ ಬಂದುದನ್ನು ನಾವು ಕಂಡಿಲ್ಲ.

ಗೊಡ್ಡು ಸಂಪ್ರದಾಯ ಎಂಬ ಮಾತು ಪತ್ರಿಕೆಗಳಲ್ಲಿ ಬಹಳ. ಗೊಡ್ಡು ಎಂದರೆ ಏನೆಂದು ಈ ಅಂಕಣ ಓದುವ ರೈತರಿಗೆ ನಾವು ಹೇಳಬೇಕಾಗಿಲ್ಲ. ಆದರೆ ಬರೆಯುವವರಿಗೆ ಗೊತ್ತಿಲ್ಲದ ಒಂದು ಸಂಗತಿ ನಿಮಗೆ ಗೊತ್ತು. ಹಾಲು ಕೊಡದ ಆಕಳೆಲ್ಲ ಗೊಡ್ಡಲ್ಲ. ಗಬ್ಬದ ಆಕಳೂ ಈಯುವ ಮುಂಚೆ ಎರಡು ತಿಂಗಳು ಹಾಲು ಬತ್ತಿಸುತ್ತದೆ. ಆಗ ಅದನ್ನು ಗೊಡ್ಡೆಂದು ಸಂತೆಗೆ ಹೊಡೆದವನು ಎರಡು ಜೀವ ಕಳೆದುಕೊಂಡ. ಹೊಟ್ಟೆ ಸವರಿ ನೋಡಬಲ್ಲವನು ಬೇಕು. ನಮ್ಮ ಆಚರಣೆಗಳಲ್ಲಿ ಕೆಲವು ನಿಜವಾಗಿ ಗೊಡ್ಡಾಗಿವೆ; ಮೇವು ತಿನ್ನುತ್ತವೆ, ಏನನ್ನೂ ಕೊಡುವುದಿಲ್ಲ. ಅಪ್ಪ ಹಾಕಿದ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದೆಂದು ಗಾದೆ ಮಾಡಿದವರೂ ಹಳಬರೇ ಅಲ್ಲವೆ? ಕೆಲವು ಬತ್ತಿದಂತೆ ಕಾಣುತ್ತಿವೆ, ಒಳಗೆ ಜೀವವಿದೆ.

ಕರ್ಮಠ ಎಂಬುದು ಇನ್ನೂ ವಿಚಿತ್ರ. ಪಾಣಿನಿಯ ವ್ಯಾಕರಣದ ಪ್ರಕಾರ ಕೆಲಸದಲ್ಲಿ ಪ್ರಯತ್ನಶೀಲನಾದವನು ಕರ್ಮಠ. ಕಾಶಿಯಲ್ಲಿ ಹಿಂದಿಯವರು ಒಬ್ಬನನ್ನು ಕರ್ಮಠನೆಂದರೆ ದುಡಿಮೆಗಾರನೆಂದು ಹೊಗಳಿದಂತೆ. ಅದೇ ಮಾತನ್ನು ಕನ್ನಡದಲ್ಲಿ ಆಡಿದರೆ ಬೈದಂತೆ. ಮಡಿಯ ಗತಿಯೂ ಹೀಗೆಯೇ ಆಯಿತು. ಮಡಿಯೆಂದರೆ ಒಗೆದು ಶುಭ್ರವಾದದ್ದು. ಮಡಿ ಮಾಡುವ ಕಾಯಕದ ಮಾಚಿದೇವರನ್ನು ಕಲ್ಯಾಣದ ಶರಣರು ತಲೆಬಾಗಿ ಗೌರವಿಸಿದರು. ಈಗ ಮಡಿವಂತಿಕೆ ಎಂದರೆ ಬಟ್ಟೆಯ ಶುಭ್ರತೆಯಲ್ಲ, ಇನ್ನೊಬ್ಬನನ್ನು ಮುಟ್ಟಲಾರದ ಮನಸ್ಸು. ಶಬ್ದಗಳು ಕೆಡುವುದಿಲ್ಲ, ಅವನ್ನು ಹೊತ್ತವರು ಹೇಗೆ ಬದುಕಿದರೆಂಬುದನ್ನು ನೋಡಿ ಜನ ಅವುಗಳಿಗೆ ಅರ್ಥ ಹಚ್ಚುತ್ತಾರೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತನಿಗಿಲ್ಲವೆಂದು ಸಾರಿದ ಧರ್ಮ ನಮ್ಮದು. ನಾಲ್ಕನ್ನು ಬಿಟ್ಟವರೂ ಐದನೆಯದನ್ನು ಒಳಗೊಳಗೇ ಇಟ್ಟುಕೊಂಡರೆ ಜನ ಅದನ್ನು ನೋಡದೆ ಇರುತ್ತಾರೆಯೆ?

ಮಡಿವಂತ ಎಂಬ ಈ ಶಬ್ದವನ್ನು ನಾವೂ ಕೇಳಿಸಿಕೊಂಡದ್ದುಂಟು. ಅದನ್ನು ಇಲ್ಲಿ ಹೇಳಲೇಬೇಕು. ನಾವು ಪೀಠಕ್ಕೆ ಬಂದ ಹೊಸತರಲ್ಲಿ, 1991ರಲ್ಲಿ, ಹಸ್ತಪ್ರತಿಗಳನ್ನು ಶೋಧಿಸುವ ಪ್ರಾಧ್ಯಾಪಕರೊಬ್ಬರು ಮಠಕ್ಕೆ ಬಂದರು. ನಮ್ಮ ಪೂಜಾಗೃಹದ ಮಾಡದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಎರಡು ತಾಳೆಯೋಲೆಯ ಕಟ್ಟುಗಳಿದ್ದವು. ಹಿಂದಿನ ಗುರುಗಳ ಕಾಲದಿಂದಲೂ ಅವುಗಳಿಗೆ ಪ್ರತಿ ಸೋಮವಾರ ವಿಭೂತಿ, ಬಿಲ್ವಪತ್ರೆ. ಬಿಚ್ಚಿದವರು ಯಾರೂ ಇಲ್ಲ. ಬಿಚ್ಚಿ ಫೋಟೋ ತೆಗೆದುಕೊಳ್ಳುವೆನೆಂದು ಅವರು ಕೇಳಿದರು. ಅವರು ಲಿಂಗಧಾರಿಗಳಾಗಿರಲಿಲ್ಲ. ಪೂಜೆಯ ವಸ್ತುವನ್ನು ಭವಿಯ ಕೈಗೆ ಕೊಡುವ ಸಂಪ್ರದಾಯವಿಲ್ಲವೆಂದು ನಾವು ಹೇಳಿ ಕಳಿಸಿದೆವು. ಹೊರಗೆ ಹೋಗುವಾಗ ಅವರು ಜೊತೆಗಾರನಿಗೆ "ಸ್ವಾಮಿಗಳು ಬಹಳ ಮಡಿವಂತರು" ಎಂದದ್ದು ಕಿವಿಗೆ ಬಿತ್ತು. ನಮಗೆ ಆಗ ಅದು ಪ್ರಶಂಸೆಯೆಂದೇ ಕೇಳಿಸಿತು. 1999ರಲ್ಲಿ ಮಾಳಿಗೆಯ ತೊಲೆ ಬದಲಿಸುವಾಗ ಕಟ್ಟುಗಳನ್ನು ಕೆಳಗಿಳಿಸಿದೆವು. ವಸ್ತ್ರ ಹಾಗೆಯೇ ಇತ್ತು. ಒಳಗೆ ಗೆದ್ದಲು ತಿಂದ ಪುಡಿ. ಮೂರರಲ್ಲಿ ಒಂದು ಪಾಲು ಗರಿಗಳೂ ಓದುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ಉಳಿದುದರಲ್ಲಿ ಕೆಲವು ವಚನಗಳು, ಒಂದು ಷಟ್‌ಸ್ಥಲ ಟೀಕೆಯ ತುಣುಕು. ಹೋದುದರಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು. ಎಂಟು ವರ್ಷ ನಾವು ಗೆದ್ದಲಿಗೆ ಬಿಲ್ವಪತ್ರೆ ಏರಿಸಿದ್ದೆವು.

ಫ.ಗು. ಹಳಕಟ್ಟಿಯವರು ವಕೀಲಿಯನ್ನು ಹಿಂದಿಟ್ಟು ಮನೆ ಮನೆ, ಮಠ ಮಠ ತಿರುಗಿ ಇಂತಹ ಕಟ್ಟುಗಳನ್ನು ಬಿಚ್ಚಿಸಿದ್ದರಿಂದಲೇ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ನಾಡಿಗೆ ಸಿಕ್ಕಿತು. 1925ರಲ್ಲಿ ಅಂದಿನ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ ಅವರು ಮುದ್ರಿಸುತ್ತ ಹೋಗದಿದ್ದರೆ ನಾವಿಂದು ಯಾವ ವಚನದ ಹೆಸರು ಹೇಳಿ ಪ್ರವಚನ ಮಾಡುತ್ತಿದ್ದೆವು? ಇದನ್ನು ನಾವು 1991ರಲ್ಲಿಯೂ ಬಲ್ಲೆವು. ಬಲ್ಲದ್ದು ಕೆಲಸಕ್ಕೆ ಬರಲಿಲ್ಲ. ಸಂಪ್ರದಾಯ ಎಂಬ ಶಬ್ದದಲ್ಲಿಯೇ 'ದಾ' ಇದೆ. ಕೊಡುವುದು, ಕೈಯಿಂದ ಕೈಗೆ ದಾಟಿಸುವುದು. ಕೊಡೆನೆನ್ನುವುದಕ್ಕೆ ನಾವು ಸಂಪ್ರದಾಯವೆಂದು ಹೆಸರು ಹೇಳಿದ್ದೆವು.

ಭವಿ ಎಂದೆವಲ್ಲ, ಅದೂ ವಿಚಾರ ಮಾಡತಕ್ಕ ಶಬ್ದ. ಭವದಲ್ಲಿ, ಹುಟ್ಟುಸಾವಿನ ಸುಳಿಯಲ್ಲಿ ಸಿಲುಕಿದವನು ಭವಿ. ಅದು ಒಂದು ಸ್ಥಿತಿಯ ಹೆಸರು. ಕಾಲಕ್ರಮದಲ್ಲಿ ಅದನ್ನು ನೆರೆಮನೆಯವನಿಗೆ ಹಚ್ಚುವ ಚೀಟಿ ಮಾಡಿಕೊಂಡೆವು. ಕೊರಳಲ್ಲಿ ಲಿಂಗವಿದ್ದು ಮನಸ್ಸಿನಲ್ಲಿ ಭವವಿದ್ದವನನ್ನು ಏನೆಂದು ಕರೆಯಬೇಕೆಂಬ ಪ್ರಶ್ನೆಯನ್ನು ಶರಣರೇ ಕಟುವಾಗಿ ಕೇಳಿದ್ದಾರೆ. ಮತಾಂಧ, ಧರ್ಮಾಂಧ ಎಂಬ ಮಾತುಗಳ ಬಗೆಗೂ ನಮಗೊಂದು ಅಸಮಾಧಾನವಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜ ಗವಾಯಿಗಳು ಅಂಧರು. ಜಾತಿ ಕೇಳದೆ ಅನಾಥರಿಗೆ, ಅಂಧ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದವರು. ಕಣ್ಣಿಲ್ಲದ ಅವರು ಕಂಡದ್ದನ್ನು ಕಣ್ಣಿದ್ದವರು ಕಾಣದಿರುವಾಗ, ಆ ಕಾಣದವರ ದೋಷಕ್ಕೆ ಅಂಧರ ಹೆಸರೇಕೆ?

ಇಷ್ಟು ಹೇಳಿದ ಮೇಲೆ ನಿಷ್ಠೆಯ ಪ್ರಶ್ನೆ ಬಂದೇ ಬರುತ್ತದೆ. ಆ ಹಿರಿಯರು ಕೇಳದೆ ಕೇಳಿದ್ದೂ ಅದನ್ನೇ. ಐವತ್ತು ವರ್ಷ ಬಿಡದೆ ನಡೆಸಿದ ಆಚಾರಕ್ಕೆ ನಿಷ್ಠೆಯೆನ್ನಬೇಕೋ, ಸಂಕುಚಿತವೆನ್ನಬೇಕೋ? ಷಟ್‌ಸ್ಥಲ ಶಾಸ್ತ್ರ ಇದಕ್ಕೆ ಉತ್ತರ ಹೇಳಿದೆ. ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶ್ವರನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ, ಪ್ರಾಣಲಿಂಗಿಗೆ ಅನುಭಾವಭಕ್ತಿ, ಶರಣನಿಗೆ ಆನಂದಭಕ್ತಿ, ಐಕ್ಯನಿಗೆ ಸಮರಸಭಕ್ತಿ. ನಿಷ್ಠೆಯಿಲ್ಲದೆ ಮುಂದಿನ ಮೆಟ್ಟಿಲಿಲ್ಲ. ವಾರಕ್ಕೊಂದು ದೇವರು, ತಿಂಗಳಿಗೊಬ್ಬ ಗುರು ಎಂದು ತಿರುಗುವವನು ವಿಶಾಲ ಮನಸ್ಸಿನವನೆಂದು ನಾವು ಒಪ್ಪುವುದಿಲ್ಲ. ಬಾಗಿಲೇ ಇಲ್ಲದ ಮನೆಗೆ ಅತಿಥಿಗಿಂತ ಮೊದಲು ನಾಯಿ ಬರುತ್ತದೆ. ಆದರೆ ನಿಷ್ಠೆ ಎರಡನೆಯ ಮೆಟ್ಟಿಲು, ಆರನೆಯದಲ್ಲ. ಅದರ ಮೇಲಿನದು ಅವಧಾನ: ಎಚ್ಚರದಿಂದ ನೋಡುವುದು, ಬಂದುದನ್ನು ಪ್ರಸಾದವೆಂದು ತಿಳಿದು ಕೊಳ್ಳುವುದು. ಪ್ರಸಾದ ಕೊಳ್ಳಬೇಕಾದರೆ ಅಂಗೈ ಬಿಚ್ಚಲೇಬೇಕಷ್ಟೆ. ಶ್ರೀ ಸಿದ್ಧಾಂತ ಶಿಖಾಮಣಿಯಲ್ಲಿ ಮಹೇಶ್ವರ ಸ್ಥಲದ ಒಳಗೇ ಒಂಬತ್ತು ಸ್ಥಲಗಳನ್ನು ಹೇಳಿದೆ. ಆರಂಭದಲ್ಲಿ ಲಿಂಗನಿಷ್ಠೆ, ಅನೇಕ ನಿರಸನಗಳು, ಅಂದರೆ ಬೇಡ ಬೇಡವೆಂದು ತಳ್ಳುವ ಸ್ಥಲಗಳು, ಅವೆಲ್ಲ ಆದ ಮೇಲೆ ಶಿವಜಗನ್ಮಯ ಸ್ಥಲ, ಭಕ್ತದೇಹಿಕ ಲಿಂಗ ಸ್ಥಲ. ನನ್ನ ಕೈಯಲ್ಲಿನ ಲಿಂಗವನ್ನು ಬಿಟ್ಟು ಬೇರೆ ಅರಿಯೆನೆಂದವನೇ, ಆ ಲಿಂಗವೇ ಜಗತ್ತೆಲ್ಲ ತುಂಬಿದೆಯೆಂದೂ ಎದುರಿಗೆ ನಿಂತ ಭಕ್ತನ ದೇಹದಲ್ಲಿದೆಯೆಂದೂ ಕಾಣಬೇಕು. ಅಲ್ಲಿಗೆ ಆ ಸ್ಥಲ ಪೂರ್ಣವಾಗುತ್ತದೆ. ನಮ್ಮಲ್ಲಿ ಬಹಳ ಜನ ನಿರಸನಗಳ ನಡುವೆಯೇ ಬಿಡಾರ ಹೂಡಿದ್ದೇವೆ.

ಹೋದ ಅಮಾವಾಸ್ಯೆಗೆ ಆ ಹಿರಿಯರನ್ನು ಕರೆಸಿದೆವು. "ಹುಡುಗಿಯನ್ನು ನೋಡಿದಿರಾ?" ಎಂದು ಕೇಳಿದೆವು. ಇಲ್ಲ ಎಂದರು. ಅವಳ ತಂದೆತಾಯಿ? ಇಲ್ಲ. ಮನೆಯಲ್ಲಿ ಲಿಂಗಪೂಜೆ ಇದೆಯೋ ಇಲ್ಲವೋ? ಕೇಳಿಲ್ಲ. ಪಂಚಾಚಾರಗಳಲ್ಲಿ ಶಿವಾಚಾರವೆಂದರೆ ಲಿಂಗಧಾರಿಗಳಲ್ಲಿ ಕುಲಗೋತ್ರ ಎಣಿಸದೆ ಸಮನಾಗಿ ಕಂಡು, ಉಂಡು, ಕೊಟ್ಟು, ಕೊಂಡು ಬಾಳುವುದೆಂದು ಅವರಿಗೆ ನಾವೇ ಎಷ್ಟೋ ಸಲ ಪ್ರವಚನದಲ್ಲಿ ಹೇಳಿದ್ದೇವೆ, ಅವರೂ ತಲೆದೂಗಿದ್ದಾರೆ. ನೋಡದೆ ಬೇಡವೆಂದದ್ದು ನಿಷ್ಠೆಯಲ್ಲವೆಂದು ಹೇಳಿದೆವು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿ, ಗುಡಿ ಕಟ್ಟಿಸಿ, ಸಾವಿರಾರು ಜನರಿಂದ ಪೂಜೆಗೊಳ್ಳುತ್ತಿದ್ದ ಮೇಲೆಯೂ ಕಲ್ಯಾಣಕ್ಕೆ ಹೋಗಿ, ತಮಗಿಂತ ಕಿರಿಯರಾದ ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದುದನ್ನು ಶೂನ್ಯಸಂಪಾದನೆ ಹೇಳುತ್ತದೆ. ಮೊದಲು ಅವರೂ ಬೇಡವೆಂದೇ ವಾದಿಸಿದ್ದರು. ಹಿರಿಯರು ಕೇಳಿ ಸುಮ್ಮನಿದ್ದರು. ಒಪ್ಪಿದೆನೆನ್ನಲಿಲ್ಲ.

ಮೊಮ್ಮಗನ ಜೊತೆಗೂ ಫೋನಿನಲ್ಲಿ ಮಾತನಾಡಿದೆವು. ಅಜ್ಜ ಯಾಕೆ ಬೇಡವೆನ್ನುತ್ತಾರೆಂದು ಕೇಳಿದ್ದೀಯಾ ಎಂದರೆ, "ಗೊತ್ತೇ ಇದೆಯಲ್ಲ ಬುದ್ಧಿ" ಎಂದ. ಕೇಳಿಲ್ಲ, ಆದರೆ ಗೊತ್ತಿದೆ. ಅಜ್ಜ ಹುಡುಗಿಯನ್ನು ನೋಡಿಲ್ಲ, ಆದರೆ ಗೊತ್ತಿದೆ. ಇಬ್ಬರಲ್ಲಿ ಯಾರಿಗೆ ಯಾವ ಶಬ್ದ ಹಚ್ಚಬೇಕೆಂದು ನಮಗೆ ತಿಳಿಯದಾಯಿತು. ಊರಿಗೆ ಬಾ, ಎರಡು ದಿನ ಇರು, ಆ ಮಗುವನ್ನೂ ಅವಳ ತಂದೆತಾಯಿಯನ್ನೂ ಮಠಕ್ಕೆ ಕರೆದುಕೊಂಡು ಬಾ ಎಂದಿದ್ದೇವೆ. ದೀಪಾವಳಿಗೆ ರಜೆ ಸಿ್ಕ್ಕರೆ ಬರುವೆನೆಂದಿದ್ದಾನೆ.

ಆ ಹಿರಿಯರು ಹೊರಡುವಾಗ ಬಾಗಿಲಲ್ಲಿ ನಿಂತು, ಮುನಿಸಿಲ್ಲದೆಯೇ ಒಂದು ಮಾತು ಕೇಳಿದರು: "ಅಜ್ಜಾರ, ಮಠದ ವಧೂವರರ ಮೇಳದ ಅರ್ಜಿಯೊಳಗ ಒಳಪಂಗಡ ಬರೀರಿ ಅಂತ ನೀವ ಕೇಳ್ತೀರಲ್ರಿ?"

ನಿಜ. ಹಲವು ವರ್ಷಗಳಿಂದ ಆ ಅರ್ಜಿ ಹಾಗೆಯೇ ಅಚ್ಚಾಗುತ್ತ ಬಂದಿದೆ. ಯಾರು ಮೊದಲು ಸೇರಿಸಿದರೋ ಗೊತ್ತಿಲ್ಲ. ಪ್ರತಿ ವರ್ಷ ಅದರ ಮೇಲೆ ನಮ್ಮ ಆಶೀರ್ವಾದದ ಸಹಿ ಮಾತ್ರ ಇದೆ. ಈ ವರ್ಷದ ಮೇಳದ ಅರ್ಜಿಯಿಂದ ಆ ಸಾಲನ್ನು ತೆಗೆಯಿಸಿದ್ದೇವೆ. ಸಮಿತಿಯ ಕೆಲವು ಸದಸ್ಯರಿಗೆ ಬೇಸರವಾಗಿದೆ. ಅರ್ಜಿಗಳು ಕಡಿಮೆ ಬರುತ್ತವೆಂದು ಹೇಳಿದ್ದಾರೆ, ಬರಬಹುದು. ಅರ್ಜಿಗಳು ಮಠದ ಕಚೇರಿಯಲ್ಲಿ ಬೆಳಗಿನ ಪೂಜೆಯ ನಂತರ ದೊರೆಯುತ್ತವೆ. ಹೋದ ವರ್ಷ ಅಚ್ಚಾದ ಹಳೆಯ ಅರ್ಜಿಗಳು ಇನ್ನೂ ಸಾಕಷ್ಟು ಉಳಿದಿವೆ. ಕಾಗದ ವ್ಯರ್ಥವಾಗಬಾರದೆಂದು ಅವನ್ನೂ ಕೊಡಲು ಹೇಳಿದ್ದೇವೆ. ಅದು ಕೈಗೆ ಬಂದವರು ಏಳನೆಯ ಸಾಲನ್ನು ಖಾಲಿ ಬಿಡಬೇಕು.